ಪೊಟ್ಯಾಷ್ ಹಾಕಿದಷ್ಟೂ ಎಲೆ ಸುಡುತ್ತಿದೆಯೇ? ನೀರು ನೋಡಿ

ಬೇಸಿಗೆ ಶುರುವಾದರೆ ಸಾಕು, ಕೊಪ್ಪಳ, ಬಾಗಲಕೋಟೆ ಕಡೆಯಿಂದ ದಾಳಿಂಬೆ ಸಸಿಗಳ ಫೋಟೋ ಬರುತ್ತವೆ. ಹಳೇ ಎಲೆಗಳ ಅಂಚು ಕಂದಾಗಿ ಒಣಗಿರುತ್ತದೆ, ಸಸಿ ಬೆಳೆಯದೆ ನಿಂತುಬಿಟ್ಟಿರುತ್ತದೆ. "ಸರ್, ಪೊಟ್ಯಾಷ್ ಎರಡ ಸಲ ಕೊಟ್ಟೇನ್ರಿ, ಆದ್ರೂ ಎಲಿ ಸುಡಾಕತ್ತಾವ್ರಿ" ಅಂದರು ಒಬ್ಬ ರೈತರು. ನಾನು ಕೇಳಿದ್ದು ಒಂದೇ, ಬೋರಿನ ನೀರು ಸವಳಾ?

ಎಲೆಯಲ್ಲಿ ಪೊಟ್ಯಾಷ್, ಅಂದರೆ ಪೊಟ್ಯಾಷಿಯಂ, ಕಡಿಮೆ ಇರುವುದು ನಿಜ ಇರಬಹುದು. ಆದರೆ ಮಣ್ಣಲ್ಲಿ ಅದು ಬೇಕಾದಷ್ಟು ಇದ್ದರೂ ಹೀಗಾಗುತ್ತದೆ. ಸವಳು ನೀರಿನಲ್ಲಿ ಸೋಡಿಯಂ ಜಾಸ್ತಿ. ಬೇರಿನೊಳಗೆ ಹೋಗುವ ಕೆಲವು ದಾರಿಗಳು ಸೋಡಿಯಂ ಯಾವುದು, ಪೊಟ್ಯಾಷಿಯಂ ಯಾವುದು ಎಂದು ಸರಿಯಾಗಿ ಗುರುತಿಸುವುದಿಲ್ಲ, ಹಾಗಾಗಿ ಯಾವುದು ಹೆಚ್ಚಿದೆಯೋ ಅದೇ ನುಗ್ಗುತ್ತದೆ. ಇನ್ನೂ ಕೆಟ್ಟದ್ದೆಂದರೆ, ಸೋಡಿಯಂ ಒಳಗೆ ಬಂದಂತೆ ಜೀವಕೋಶದಲ್ಲಿ ಮೊದಲೇ ಇದ್ದ ಪೊಟ್ಯಾಷಿಯಂ ಹೊರಗೆ ಸೋರಲು ಶುರುವಾಗುತ್ತದೆ. ಆ ಸೋರಿಕೆ ತಡೆಯುವುದು ಪೊರೆಯನ್ನು ಬಿಗಿಯಾಗಿ ಹಿಡಿದಿರುವ ಕ್ಯಾಲ್ಸಿಯಂ, ಸೋಡಿಯಂ ಅದನ್ನೂ ಜಾಗದಿಂದ ತಳ್ಳಿಬಿಡುತ್ತದೆ. ಇತ್ತ ಅದೇ ನೀರಿನ ಉಪ್ಪಿನಲ್ಲಿರುವ ಕ್ಲೋರೈಡು ನೈಟ್ರೇಟಿಗೆ ಅಡ್ಡ ಬರುತ್ತದೆ, ಹಾಗಾಗಿ ಸಾರಜನಕವೂ ಸರಿಯಾಗಿ ಸಿಗುವುದಿಲ್ಲ.

ದಾಳಿಂಬೆ ಉಪ್ಪನ್ನು ತಕ್ಕಮಟ್ಟಿಗೆ ತಾಳುವ ಗಿಡವೇ. ಸಸಿಯ ಕಥೆ ಬೇರೆ. ಅದರ ಬೇರು ಮೇಲ್ಮಣ್ಣಲ್ಲೇ ಇರುತ್ತದೆ, ನೀರು ಆರಿದಾಗ ಉಪ್ಪು ಬಂದು ಕೂರುವುದೂ ಅಲ್ಲೇ. ಪ್ಯಾಕೆಟ್ ಸಸಿಗಂತೂ ದಿನಾ ಒಂದೊಂದು ಲೋಟ ನೀರು ಹಾಕಿ, ತಳದಿಂದ ಒಂದು ಹನಿಯೂ ಹೊರಗೆ ಬರದಿದ್ದರೆ, ಹಾಕಿದ ಉಪ್ಪೆಲ್ಲ ಒಳಗೇ ಉಳಿಯುತ್ತದೆ ಅಲ್ವಾ? ಮಣ್ಣಿನ ಮೇಲೆ ಬಿಳಿ ಪುಡಿ ಕಂಡರೆ ಅದೇ ಗುರುತು.

ಇಂಥ ಹೊತ್ತಲ್ಲಿ ಕೆಂಪು ಪೊಟ್ಯಾಷ್ ಹಾಕುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದು ಪೊಟ್ಯಾಷಿಯಂ ಕ್ಲೋರೈಡ್, ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕ್ಲೋರೈಡೇ. ಉಪ್ಪಿಗೆ ಉಪ್ಪು ಸೇರಿಸಿದ ಹಾಗೆ. ಕೊಡಲೇಬೇಕಿದ್ದರೆ ಸಲ್ಫೇಟ್ ಆಫ್ ಪೊಟ್ಯಾಷ್ ಕೊಡಿ, ಅದೂ ಸ್ವಲ್ಪ ಸ್ವಲ್ಪ. ಮೊದಲು ನೀರು, ಮಣ್ಣು ಎರಡನ್ನೂ ಪರೀಕ್ಷೆ ಮಾಡಿಸಿ. ಮಣ್ಣನ್ನು ನೀರಲ್ಲಿ ಕಲಸಿ ತೆಗೆದ ಸಾರದ ಇ.ಸಿ. (ಉಪ್ಪಿನಂಶ ತೋರಿಸುವ ಅಳತೆ) 4 ಡಿ.ಎಸ್./ಮೀ. ದಾಟಿದರೆ ಅದು ಸವಳು. ಮಣ್ಣಲ್ಲಿ ಸೋಡಿಯಂ ಹೆಚ್ಚಿದ್ದರೆ (ಆಗ ಪಿಎಚ್ ಸಾಮಾನ್ಯವಾಗಿ 8.5 ದಾಟಿರುತ್ತದೆ) ಮಾತ್ರ ಕ್ಯಾಲ್ಸಿಯಂ ಕೊಡುವ ಜಿಪ್ಸಮ್‌ನಿಂದ ನಿಜವಾದ ಲಾಭ, ಸುಮ್ನೆ ಎಲ್ಲ ಕಡೆ ಸುರಿಯಬೇಡಿ.

ಆ ರೈತರಿಗೆ ಗೊಬ್ಬರ ನಿಲ್ಲಿಸಿ ಅಂದೆ. ಕೃಷಿಹೊಂಡದಲ್ಲಿ ಮಳೆನೀರು ಇತ್ತು. ಪ್ಯಾಕೆಟ್ಟಿನ ತಳದಿಂದ ಚೆನ್ನಾಗಿ ಹರಿದು ಹೋಗುವಷ್ಟು ಅದನ್ನೇ ಹಾಕಿಸಿದೆ, ವಾರ ಬಿಟ್ಟು ಇನ್ನೊಮ್ಮೆ. ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ, ಅದಕ್ಕೇ ಮುಂದಿನ ಸಲ ಚಿಗುರಿನ ಫೋಟೋ ಕಳಿಸಿ ಎಂದು ಹೇಳಿದ್ದೇನೆ.