ಅರಳುಮರಳು, ರಕ್ತ ಮತ್ತು ಬೆಳಕು: ಬಿಟ್ಟ ದಾರಿಗೆ ಮತ್ತೆ ಬಂದ ಕಥೆ

ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ದಾವಣಗೆರೆಯ ಎಷ್ಟೋ ಮನೆಗಳಲ್ಲಿ ಈಗಲೂ ಯಾವುದೋ ಮೂಲೆಯಲ್ಲಿ ಬಿದ್ದಿರುತ್ತದೆ. ಬೆರಳಿಗೆ ಸಿಕ್ಕಿಸಿದರೆ ಕೆಂಪಗೆ ಹೊಳೆಯುತ್ತಿತ್ತು, ಅಲ್ವಾ? ಆಮ್ಲಜನಕ ತುಂಬಿದ ರಕ್ತ ಬೆಳಕನ್ನು ಒಂದು ರೀತಿ ಹೀರುತ್ತದೆ, ಖಾಲಿಯಾದ ರಕ್ತ ಇನ್ನೊಂದು ರೀತಿ. ಆ ವ್ಯತ್ಯಾಸವೇ ಪರದೆಯ ಮೇಲೆ ಸಂಖ್ಯೆಯಾಗುತ್ತದೆ. ಮರೆವಿನ ಕಾಯಿಲೆಯ ಸಂಶೋಧಕರು ಇದೇ ಬೆಳಕನ್ನು ತಲೆಗೆ ಹಾಯಿಸುತ್ತಿದ್ದಾರೆ. ಆದರೆ ಒಬ್ಬರು 'ಮೆದುಳಿಗೆ ರಕ್ತ ಸಾಲದು' ಅಂತಾರೆ, ಇನ್ನೊಬ್ಬರು 'ಪ್ರೋಟೀನ್ ಕಟ್ಟಿಕೊಂಡಿದೆ' ಅಂತಾರೆ. ಓದುವವರಿಗೆ ತಲೆ ಕೆಡುತ್ತದೆ.

ಮೆದುಳಿನ ತೂಕ ದೇಹದ ನೂರಕ್ಕೆ 2 ಪಾಲು. ಆಮ್ಲಜನಕ ಮಾತ್ರ ಅದಕ್ಕೆ ಸುಮಾರು 20 ಪಾಲು ಬೇಕು. ದುಡಿಯುವ ಭಾಗಕ್ಕೆ ರಕ್ತ ಜಾಸ್ತಿ ಹರಿಯುತ್ತದೆ ಎಂದು ರಾಯ್ ಮತ್ತು ಶೆರಿಂಗ್ಟನ್ ಎಂಬ ವಿಜ್ಞಾನಿಗಳು 1890ರಲ್ಲೇ ಬರೆದಿದ್ದರು. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಜೈಮರ್ (ಮರೆವಿನ ಕಾಯಿಲೆಗೆ ಇವರದೇ ಹೆಸರು) ರೋಗಿಯೊಬ್ಬರ ಮೆದುಳಿನಲ್ಲಿ ಕಂಡ ಗಂಟುಗಳ ಬಗ್ಗೆ ಹೇಳಿದರು. ಆಮೇಲೂ ಎಷ್ಟೋ ದಶಕ, ಮುದುಕರ ಮರೆವಿಗೆ ರಕ್ತನಾಳ ಗಟ್ಟಿಯಾದದ್ದೇ ಕಾರಣ ಎಂದು ಡಾಕ್ಟರುಗಳು ನಂಬಿದ್ದರು. ನಮ್ಮಲ್ಲಂತೂ 'ಅರವತ್ತಕ್ಕೆ ಅರಳುಮರಳು' ಎಂದು ಹೇಳಿ ಮಾತು ಮುಗಿಸುತ್ತಿದ್ದರು.

1974ರಲ್ಲಿ ವೈದ್ಯ ಹಚಿನ್ಸ್ಕಿ ಮತ್ತು ಸಂಗಡಿಗರು, ಮರೆವಿಗೆ ನಾಳ ಗಟ್ಟಿಯಾದದ್ದೇ ಕಾರಣವಲ್ಲ ಎಂದು ಆ ನಂಬಿಕೆಯನ್ನು ಅಲುಗಾಡಿಸಿದರು. 1992ರಲ್ಲಿ, ಮೆದುಳಿನಲ್ಲಿ ಕಟ್ಟಿಕೊಳ್ಳುವ ಅಮಿಲಾಯ್ಡ್ ಎಂಬ ಪ್ರೋಟೀನೇ ಕಾಯಿಲೆಯ ಮೂಲ ಎಂಬ ವಾದ ಗಟ್ಟಿಯಾಯಿತು. ಹಣ, ಹೆಸರು, ಔಷಧಿ ಪ್ರಯೋಗ ಎಲ್ಲ ಬಹುಪಾಲು ಆ ಕಡೆ ಹರಿದವು. ಯಾರೂ ಬೇಕೆಂದು ಹೀಗೆ ಮಾಡಲಿಲ್ಲ. ಆದರೆ ರಕ್ತದ ಮಾತೆತ್ತಿದವರು ಬಹಳ ಕಾಲ ಹಿಂದಿನ ಬೆಂಚಿನಲ್ಲೇ ಕೂರಬೇಕಾಯಿತು.

ಚಿಕ್ಕವರಿದ್ದಾಗ ಟಾರ್ಚನ್ನು ಅಂಗೈಯಲ್ಲಿ ಮುಚ್ಚಿ, ಬೆರಳು ಕೆಂಪಾಗುವುದನ್ನು ನೋಡಿದ್ದೇವಲ್ಲ. ಆ ಕೆಂಪಿಗಿಂತ ಒಂದು ಹೆಜ್ಜೆ ಆಚೆಗಿನ, ಕಣ್ಣಿಗೆ ಕಾಣದ ಬೆಳಕು ತಲೆಬುರುಡೆಯನ್ನೂ ದಾಟುತ್ತದೆ. ಅದರಿಂದ ಮೆದುಳಿನ ಆಮ್ಲಜನಕ ಅಳೆಯಬಹುದು ಎಂದು 1977ರಲ್ಲಿ ಯೋಬ್ಸಿಸ್ ಎಂಬ ವಿಜ್ಞಾನಿ ತೋರಿಸಿದರು. 1990ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಎರಡು ಫೋಟಾನ್ ಸೂಕ್ಷ್ಮದರ್ಶಕ ಬಂತು, ಅಂದರೆ ಇಂಥ ಬೆಳಕಿನಿಂದಲೇ ಜೀವಂತ ಮೆದುಳಿನ ಒಳಗೆ ಇಣುಕುವ ಯಂತ್ರ. ಇಲ್ಲಿಂದ ಕಥೆಗೆ ರುಚಿ ಬರುತ್ತದೆ.

ಇಲಿಯ ತಲೆಬುರುಡೆಯಲ್ಲಿ ಪುಟ್ಟ ಗಾಜಿನ ಕಿಟಕಿ ಕೂರಿಸುತ್ತಾರೆ. ರಕ್ತಕ್ಕೆ ಹೊಳೆಯುವ ಬಣ್ಣ ಬೆರೆಸುತ್ತಾರೆ. ಕೆಂಪು ರಕ್ತಕಣಗಳು ಆ ಬಣ್ಣ ಹೀರುವುದಿಲ್ಲ, ಹಾಗಾಗಿ ಹೊಳೆಯುವ ನಾಳದಲ್ಲಿ ಕಪ್ಪು ಚುಕ್ಕೆಗಳಂತೆ ಓಡುತ್ತವೆ. ನಾಲೆಯಲ್ಲಿ ತೇಲುವ ಕಸ ನೋಡಿ ನೀರಿನ ವೇಗ ಅಂದಾಜು ಮಾಡಿದಂತೆ, ಆ ಚುಕ್ಕೆಗಳಿಂದ ರಕ್ತದ ವೇಗ ಸಿಗುತ್ತದೆ. ಅಲ್ಜೈಮರ್ ಕಾಯಿಲೆಯಂಥದ್ದೇ ಬರುವಂತೆ ಬೆಳೆಸಿದ ಇಲಿಗಳಲ್ಲಿ ಕೆಲವು ಕಿರುನಾಳಗಳಲ್ಲಿ ಚುಕ್ಕೆಗಳು ಓಡದೆ ನಿಂತೇ ಬಿಟ್ಟಿದ್ದವು. ಒಂದು ಬಗೆಯ ಬಿಳಿ ರಕ್ತಕಣ ಗೋಡೆಗೆ ಅಂಟಿಕೊಂಡು ದಾರಿ ಕಟ್ಟಿತ್ತು. ಹಾಗೆ ನಿಂತ ನಾಳಗಳು ನೂರಕ್ಕೆ ಸುಮಾರು ಎರಡು, ಅಷ್ಟೇ.

ಎರಡಕ್ಕೆ ಇಷ್ಟು ರಂಪವಾ ಎನ್ನಬೇಡಿ. ಭದ್ರಾ ನಾಲೆಯ ಕೊನೆ ಭಾಗದ ರೈತರನ್ನು ಕೇಳಿ. ಮೇಲೆ ಒಂದು ತೂಬಿನ ಬಳಿ ಕಟ್ಟಿಕೊಂಡರೆ, ಕೆಳಗೆ ಎಷ್ಟು ಗದ್ದೆ ಒಣಗುತ್ತವೆ ಅಂತ ಅವರಿಗೆ ಲೆಕ್ಕ ಗೊತ್ತು. ಮೆದುಳಿನಲ್ಲೂ ಹಾಗೇ, ಒಂದು ನಾಳ ನಿಂತರೆ ಅದರ ಮುಂದಿನ ನಾಳಗಳಲ್ಲೂ ಹರಿವು ಇಳಿಯುತ್ತದೆ. 2019ರಲ್ಲಿ ಕಾರ್ನೆಲ್ ತಂಡ ಪ್ರಕಟಿಸಿದ್ದು ಇದನ್ನೇ. ಆ ಬಿಳಿ ಕಣಗಳನ್ನು ತಡೆಯುವ ಪ್ರತಿಕಾಯ ಕೊಟ್ಟಾಗ ಹರಿವು ಬೇಗನೆ ಹೆಚ್ಚಿತು, ಕೆಲವೇ ಗಂಟೆಗಳಲ್ಲಿ ಇಲಿಗಳ ನೆನಪೂ ಸುಧಾರಿಸಿತು. ನಿಂತ ನಾಳ ಎಣಿಸುವುದು ಮಾತ್ರ ಕಣ್ಣು ನೋಯಿಸುವ ಕೆಲಸ. ಅದಕ್ಕಾಗಿ 2016ರಲ್ಲೇ ಒಂದು ಆನ್‌ಲೈನ್ ಆಟ ಮಾಡಿ, ಸಾಮಾನ್ಯ ಜನರ ಕೈಯಲ್ಲಿ ಎಣಿಸಿದರು!

ಇಲಿಗೆ ಕೊಟ್ಟದ್ದನ್ನು ಮನುಷ್ಯರಿಗೆ ಹಾಗೇ ಕೊಡುವಂತಿಲ್ಲ. ಆ ಪ್ರತಿಕಾಯ ಹಿಡಿಯುವ ಗುರುತು ಮನುಷ್ಯರ ಕಣಗಳಲ್ಲಿ ಇಲ್ಲ. ಜೊತೆಗೆ, ಸೋಂಕಿನ ವಿರುದ್ಧ ಮೊದಲು ಓಡುವವು ಆ ಕಣಗಳೇ. ಅಮಿಲಾಯ್ಡ್ ಕಥೆಯೂ ಸುಳ್ಳಾಗಿಲ್ಲ. ಅದೇ ಅಮಿಲಾಯ್ಡ್ ಕಿರುನಾಳಗಳನ್ನು ಬಿಗಿಯುತ್ತದೆ ಎಂದು 2019ರಲ್ಲೇ ಇನ್ನೊಂದು ಅಧ್ಯಯನ ತೋರಿಸಿತು. ರಕ್ತವೋ ಪ್ರೋಟೀನೋ ಎಂದು ಎರಡು ಬಣ ಮಾಡಿಕೊಂಡದ್ದೇ ಸುಮ್ನೆ ಕಾಲ ಕಳೆದಂತಾಯಿತು ಅನಿಸುತ್ತದೆ.

ಮನುಷ್ಯರ ತಲೆಗೆ ಕಿಟಕಿ ಕೊರೆಯಲಾಗದು. ಕಣ್ಣಿಗೆ ಕಾಣದ ಆ ಬೆಳಕಿನ ದೀಪ ಕಟ್ಟಿದ ಟೋಪಿ ಹಾಕಬಹುದು. ಆ ಬೆಳಕು ಮೆದುಳಿನ ಮೇಲ್ಪದರವನ್ನಷ್ಟೇ ಮುಟ್ಟುತ್ತದೆ. ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಅದಕ್ಕಿಂತ ಆಳದಲ್ಲಿದೆ. ಇನ್ನೊಂದು ತೊಡಕು ನಮ್ಮಂಥವರದ್ದೇ. ದಟ್ಟ ಕರಿಕೂದಲು, ಕಪ್ಪು ಚರ್ಮ ಬೆಳಕನ್ನು ದಾರಿಯಲ್ಲೇ ನುಂಗುತ್ತವೆ. ಬೆರಳಿನ ಆಕ್ಸಿಮೀಟರೇ ಕಪ್ಪು ಚರ್ಮದವರಲ್ಲಿ ಆಮ್ಲಜನಕವನ್ನು ಕೆಲವೊಮ್ಮೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ ಎಂದು 2020ರಲ್ಲಿ ಅಮೆರಿಕದ ವೈದ್ಯರು ಬರೆದರು. ತಲೆಗೆ ಹಾಕುವ ಟೋಪಿಗಳಲ್ಲೂ ಕೂದಲನ್ನು ಕಡ್ಡಿಯಿಂದ ಬಿಡಿಸಿ, ಒಂದೊಂದೇ ದೀಪವನ್ನು ನೆತ್ತಿಯ ಚರ್ಮಕ್ಕೆ ತಾಗಿಸಿ ಕೂರಿಸಬೇಕಾಗುತ್ತದೆ.