ವರದಿಯಲ್ಲಿ ಸಿಗದ ನೋವು: ಫೈಬ್ರೊಮಯಾಲ್ಜಿಯಾ ನಡೆದು ಬಂದ ದಾರಿ

ವೈದ್ಯರು ತಮ್ಮ ಹೆಬ್ಬೆರಳಿನ ಉಗುರಿನ ತುದಿ ಬಿಳಿಚಿಕೊಳ್ಳುವಷ್ಟು ರೋಗಿಯ ಮೈಯನ್ನು ಒತ್ತಬೇಕು. ಅಷ್ಟು ಒತ್ತಿದರೆ ಸುಮಾರು ನಾಲ್ಕು ಕೆ.ಜಿ. ಭಾರ ಬಿದ್ದಂತೆ. ಕತ್ತಿನ ಹಿಂದೆ ತಲೆಬುರುಡೆ ಸೇರುವ ಕಡೆ, ಹೆಗಲಿನ ನಡುಭಾಗ, ಮೊಣಕೈಯ ಹೊರಬದಿಗೆ ತುಸು ಕೆಳಗೆ, ಪೃಷ್ಠದ ಮೇಲ್ಭಾಗ, ಮೊಣಕಾಲಿನ ಒಳಬದಿ ಹೀಗೆ ಎಡಬಲ ಸೇರಿ ದೇಹದ ಮೇಲೆ 18 ಜಾಗಗಳು. ಅವುಗಳಲ್ಲಿ 11 ಕಡೆಯಾದರೂ ಒತ್ತಿದಾಗ ನೋಯುತ್ತಿದ್ದರೆ, ಜೊತೆಗೆ ಮೂರು ತಿಂಗಳು ಬಿಡದೆ ಮೈಯೆಲ್ಲ ನೋವಿದ್ದರೆ, ಅದು ಫೈಬ್ರೊಮಯಾಲ್ಜಿಯಾ. 1990ರಲ್ಲಿ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ ಎಂಬ ವಾತರೋಗ ತಜ್ಞರ ಸಂಸ್ಥೆ ಗೊತ್ತುಪಡಿಸಿದ ಅಳತೆಗೋಲು ಇದು. ಇಪ್ಪತ್ತು ವರ್ಷ ಕಳೆದ ಮೇಲೆ ಅದೇ ಸಂಸ್ಥೆ ಈ ಒತ್ತುವ ಪರೀಕ್ಷೆಯನ್ನು ಕಡ್ಡಾಯವಲ್ಲ ಎಂದು ಕೈಬಿಟ್ಟಿತು.

ಬೆರಳಿನಿಂದ ಒತ್ತಿ ನೋಡುವ ಸ್ಥಿತಿ ಬಂದದ್ದು ಬೇರೆ ಯಾವ ಪರೀಕ್ಷೆಯಲ್ಲೂ ಈ ಕಾಯಿಲೆ ಕಾಣಿಸದ ಕಾರಣಕ್ಕೆ. ರಕ್ತ ಪರೀಕ್ಷೆ ಸರಿಯಿರುತ್ತದೆ. ಎಕ್ಸ್‌ರೇ ಸರಿಯಿರುತ್ತದೆ. ಎಂಆರ್‌ಐಯಲ್ಲಿ ಸಿಗುವ ಸಣ್ಣಪುಟ್ಟ ಸವೆತ ಆ ವಯಸ್ಸಿನ ಯಾರಲ್ಲಾದರೂ ಸಿಗುವಂಥದ್ದೇ. "ಎಲ್ಲ ನಾರ್ಮಲ್ ಇದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಎಂಬ ಮಾತು ಕೇಳಿ ಮನೆಗೆ ಮರಳುವವರಿಗೆ ಸಮಾಧಾನವಾಗುವುದಿಲ್ಲ, ನೋವಿನ ಜೊತೆಗೆ ಅವಮಾನವೂ ಸೇರಿಕೊಳ್ಳುತ್ತದೆ. ಜಗತ್ತಿನ ವಯಸ್ಕರಲ್ಲಿ ಶೇ 2ರಿಂದ 4ರಷ್ಟು ಮಂದಿಗೆ ಈ ತೊಂದರೆ ಇದೆ ಎಂಬುದು ಸಾಮಾನ್ಯ ಅಂದಾಜು. ಹೆಂಗಸರೇ ಹೆಚ್ಚು. ಆದರೆ ಗಂಡಸರಿಗೂ, ಮಕ್ಕಳಿಗೂ ಬರುತ್ತದೆ.

ರೋಗಿಗಳು ಹೇಳಿಕೊಳ್ಳುವ ಮಾತುಗಳಿಗೆ ಒಂದು ಹೋಲಿಕೆ ಇರುತ್ತದೆ. ರಾತ್ರಿಯಿಡೀ ಮಲಗಿ ಎದ್ದರೂ ಮೈ ಜಜ್ಜಿ ಹಾಕಿದಂತಿರುತ್ತದೆ. ಎದ್ದ ಮೇಲೆ ಕೈಕಾಲು ಹಿಡಿತ ಬಿಡಲು ಹೊತ್ತು ಬೇಕು. ಒದ್ದೆ ಸೀರೆ ಹಿಂಡಿದರೆ ಸಂಜೆಗೆ ತೋಳು ಎತ್ತಲಾಗುವುದಿಲ್ಲ, ಮರುದಿನ ನೋಡಿದರೆ ನೋವು ಸೊಂಟಕ್ಕೆ ಇಳಿದಿರುತ್ತದೆ. ರವಿಕೆಯ ತೋಳು ಸ್ವಲ್ಪ ಬಿಗಿಯಾದರೂ, ಮಗು ಓಡಿ ಬಂದು ಅಪ್ಪಿಕೊಂಡರೂ ನೋಯುತ್ತದೆ. ಹಾಲಿಗೆ ಹೆಪ್ಪು ಹಾಕಿದ್ದು ನೆನಪಾಗುವುದಿಲ್ಲ, ಮಾತಿನ ನಡುವೆ ಪರಿಚಿತ ಹೆಸರು ತಪ್ಪಿಹೋಗುತ್ತದೆ. ಮಿಕ್ಸಿಯ ಸದ್ದು, ಅಗರಬತ್ತಿಯ ವಾಸನೆ, ಟ್ಯೂಬ್‌ಲೈಟಿನ ಬೆಳಕು, ಆಷಾಢದ ಥಂಡಿ ಗಾಳಿ ಎಲ್ಲವೂ ಅತಿಯಾಗಿ ತಾಗುತ್ತವೆ. ತಲೆನೋವು, ಹೊಟ್ಟೆಯುಬ್ಬರ, ಒಮ್ಮೆ ಭೇದಿ ಒಮ್ಮೆ ಮಲಬದ್ಧತೆ, ಕೈಕಾಲು ಜೋಮು, ದವಡೆ ನೋವು ಬಂದು ಹೋಗುತ್ತಿರುತ್ತವೆ. ಕೀಲುಗಳು ನೋಯುತ್ತವೆ, ಊದಿಕೊಳ್ಳುವುದಿಲ್ಲ.

ಈ ಲಕ್ಷಣಗಳಿಗೆ ಆಧುನಿಕ ವೈದ್ಯ ಇಟ್ಟ ಹಳೆಯ ಹೆಸರು ಫೈಬ್ರೊಸೈಟಿಸ್. 1904ರಲ್ಲಿ ಲಂಡನ್ನಿನ ಖ್ಯಾತ ನರರೋಗ ತಜ್ಞ ಸರ್ ವಿಲಿಯಂ ಗವರ್ಸ್ ಸೊಂಟನೋವಿನ ಕುರಿತು ಮಾಡಿದ ಉಪನ್ಯಾಸದಲ್ಲಿ ಈ ಹೆಸರು ಬಂತು. ಸ್ನಾಯುಗಳ ನಾರಿನಂಥ ಅಂಗಾಂಶದಲ್ಲಿ ಉರಿಯೂತ ಆಗಿರಬೇಕು ಎಂಬುದು ಅವರ ಊಹೆ. ಅದೇ ವರ್ಷ ಗ್ಲಾಸ್ಗೋದ ರಾಲ್ಫ್ ಸ್ಟಾಕ್‌ಮನ್ ರೋಗಿಗಳ ಸ್ನಾಯುವಿನಿಂದ ತುಣುಕು ತೆಗೆದು ಉರಿಯೂತ ಕಂಡೆ ಎಂದು ವರದಿ ಮಾಡಿದರು. ಊಹೆಗೆ ಸಾಕ್ಷಿ ಸಿಕ್ಕಿತೆಂದು ಎಲ್ಲರೂ ಒಪ್ಪಿದರು. ಆದರೆ ಮುಂದಿನ ದಶಕಗಳಲ್ಲಿ ಬೇರೆಯವರು ಅದೇ ಸ್ನಾಯುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಉರಿಯೂತ ಸಿಗಲಿಲ್ಲ.

ಇಲ್ಲಿಂದ ಮುಂದೆ ನಡೆದದ್ದು ನನ್ನನ್ನು ಬಹಳ ಕಾಡುತ್ತದೆ. ಉರಿಯೂತ ಸಿಗದಿದ್ದಾಗ ವೈದ್ಯರು ತಮ್ಮ ಊಹೆಯನ್ನು ಅನುಮಾನಿಸಬೇಕಿತ್ತು, ರೋಗಿಯನ್ನು ಅನುಮಾನಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೈಕೈ ನೋವೆಂದು ಸೇನಾ ಆಸ್ಪತ್ರೆ ಸೇರಿದ ಸೈನಿಕರು ಬಹಳ ಮಂದಿ. ಅವರ ಕೀಲುಗಳಲ್ಲಿ, ಸ್ನಾಯುಗಳಲ್ಲಿ ಏನೂ ಕಾಣದೇ ಹೋದಾಗ ಅಮೆರಿಕದ ಸೇನಾ ವೈದ್ಯರು 1943ರಲ್ಲಿ ಅದನ್ನು 'ಸೈಕೋಜೆನಿಕ್ ರುಮಾಟಿಸಂ' ಎಂದು ಕರೆದರು. ಅಂದರೆ ಮನಸ್ಸು ಹುಟ್ಟುಹಾಕಿದ ವಾತ. ಯುದ್ಧದ ಆಘಾತ, ನಿದ್ರೆಗೇಡು, ದಣಿವು ಇವೆಲ್ಲ ನೋವಿನ ವ್ಯವಸ್ಥೆಯನ್ನೇ ಬದಲಿಸಬಲ್ಲವು ಎಂಬ ತಿಳಿವಳಿಕೆ ಆಗ ಇರಲಿಲ್ಲ. ಯುದ್ಧ ಮುಗಿಯಿತು, ಆ ಅನುಮಾನ ಮಾತ್ರ ಆಸ್ಪತ್ರೆಗಳಲ್ಲಿ ಉಳಿಯಿತು. ಗಂಡಸರ ವಿಷಯದಲ್ಲಿ ಹೇಡಿತನವೆಂದು ತೋರಿದ್ದು ಹೆಂಗಸರ ವಿಷಯದಲ್ಲಿ ಹಿಸ್ಟೀರಿಯಾ ಎನಿಸಿತು.

ತಿರುವು ಬಂದದ್ದು ನಿದ್ರೆಯ ಪ್ರಯೋಗಾಲಯದಿಂದ. ಟೊರೊಂಟೊದ ಮನೋವೈದ್ಯ ಹಾರ್ವಿ ಮೋಲ್ಡೋಫ್‌ಸ್ಕಿ ಮತ್ತು ಸಂಗಡಿಗರು 1975ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಈ ಕಾಯಿಲೆಯವರು ಗಾಢ ನಿದ್ರೆಯಲ್ಲಿರುವಾಗಲೂ ಮಿದುಳಿನಲ್ಲಿ ಎಚ್ಚರದ ಅಲೆಗಳು ಬಂದು ಬೆರೆಯುವುದನ್ನು ಅವರು ಗಮನಿಸಿದ್ದರು. ಹಾಗಾದರೆ ಆರೋಗ್ಯವಂತರ ಗಾಢ ನಿದ್ರೆಯನ್ನು ಕೆಡಿಸಿದರೆ ಏನಾಗುತ್ತದೆ ಎಂದು ನೋಡಲು ಹೊರಟರು. ಸ್ವಯಂಸೇವಕರನ್ನು ಮಲಗಿಸಿ, ಗಾಢ ನಿದ್ರೆಗೆ ಜಾರುತ್ತಿದ್ದಂತೆ ಪೂರ್ತಿ ಎಚ್ಚರವಾಗದ ಹಾಗೆ ಸದ್ದು ಮಾಡಿ ಕಲಕಿದರು. ಕೆಲವೇ ರಾತ್ರಿಗಳಲ್ಲಿ ಆ ಆರೋಗ್ಯವಂತರಿಗೂ ಮೈಕೈ ನೋವು, ಒತ್ತಿದರೆ ನೋಯುವ ಜಾಗಗಳು, ಸುಸ್ತು ಬಂದವು. ನಿದ್ರೆ ಸರಿಯಾದ ಮೇಲೆ ಹೋದವು. ನೋವಿರುವುದರಿಂದ ನಿದ್ರೆ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ನಿದ್ರೆ ಕೆಟ್ಟದ್ದರಿಂದಲೇ ನೋವು ಹುಟ್ಟಬಲ್ಲದು ಎಂಬುದಕ್ಕೆ ಮೊದಲ ಬಾರಿಗೆ ಆಧಾರ ಸಿಕ್ಕಿತು.

1976ರಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಉರಿಯೂತದ ಸೂಚನೆಯನ್ನು ಬಿಟ್ಟು ಫೈಬ್ರೊಮಯಾಲ್ಜಿಯಾ ಎಂಬ ಹೆಸರು ಬಳಸಿದರು. 1981ರಲ್ಲಿ ಅಮೆರಿಕದ ಇಲಿನಾಯ್ಸ್‌ನಲ್ಲಿದ್ದ ವೈದ್ಯ ಮುಹಮ್ಮದ್ ಯೂನುಸ್ ರೋಗಿಗಳನ್ನೂ ಆರೋಗ್ಯವಂತರನ್ನೂ ಅಕ್ಕಪಕ್ಕ ಇಟ್ಟು ಲಕ್ಷಣಗಳನ್ನು ಹೋಲಿಸಿದರು. ವಾತರೋಗ ತಜ್ಞ ಫ್ರೆಡರಿಕ್ ವುಲ್ಫ್ ನೇತೃತ್ವದಲ್ಲಿ ಅಮೆರಿಕ, ಕೆನಡಾದ 16 ಕೇಂದ್ರಗಳ 558 ಮಂದಿಯನ್ನು ಪರೀಕ್ಷಿಸಿ 1990ರ ಅಳತೆಗೋಲು ಸಿದ್ಧವಾಯಿತು. ಅದರಿಂದ ಸಂಶೋಧನೆಗೆ ಬಲ ಬಂತು. ರೋಗಿಗೆ ಪೂರ್ತಿ ನ್ಯಾಯ ಸಿಗಲಿಲ್ಲ. ಹನ್ನೊಂದರ ಬದಲು ಹತ್ತು ಕಡೆ ನೋವೆಂದವರು ರೋಗಿಯಲ್ಲ ಎಂದಾಯಿತು. ಒತ್ತಿದಾಗ ಹೆಂಗಸರಿಗೆ ಬೇಗ ನೋಯುವ ಕಾರಣ ಗಂಡಸರು ಲೆಕ್ಕದಿಂದ ಹೊರಗುಳಿದರು. ದಣಿವು, ಮರೆವು, ನಿದ್ರೆಗೇಡು ಅಳತೆಯೊಳಗೆ ಬರಲೇ ಇಲ್ಲ. ಮುಂದೆ ವುಲ್ಫ್ ಅವರೇ ಇದನ್ನು ಪ್ರತ್ಯೇಕ ಕಾಯಿಲೆ ಎಂದು ಕರೆದದ್ದು ಸರಿಯೇ ಎಂದು ಬಹಿರಂಗವಾಗಿ ಪ್ರಶ್ನಿಸಿದರು.

ಆ ಪ್ರಶ್ನೆಗೆ ಒಂದು ಮಟ್ಟದ ಉತ್ತರ ಬಂದದ್ದು 2002ರಲ್ಲಿ, ಅದೂ ಹೆಬ್ಬೆರಳಿನಿಂದಲೇ. ನೋವಿನ ಸಂಶೋಧಕರಾದ ರಿಚರ್ಡ್ ಗ್ರೇಸ್ಲಿ, ಡೇನಿಯಲ್ ಕ್ಲಾ ಮತ್ತು ಸಹೋದ್ಯೋಗಿಗಳು 16 ರೋಗಿಗಳನ್ನು, 16 ಆರೋಗ್ಯವಂತರನ್ನು ಮಿದುಳಿನ ಚಟುವಟಿಕೆ ತೋರಿಸುವ ಬಗೆಯ ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಹೆಬ್ಬೆರಳಿನ ಉಗುರನ್ನು ಅಳೆದು ಒತ್ತಿದರು. ರೋಗಿಗಳಿಗೆ ಸುಮಾರು ಎರಡೂವರೆ ಕೆ.ಜಿ. ಒತ್ತಡಕ್ಕೆ ಆದ ನೋವು ಆರೋಗ್ಯವಂತರಿಗೆ ಆಗಲು ನಾಲ್ಕು ಕೆ.ಜಿ.ಗೂ ಹೆಚ್ಚು ಬೇಕಾಯಿತು. ಇಬ್ಬರೂ "ಇಷ್ಟು ನೋವಾಗುತ್ತಿದೆ" ಎಂದು ಸಮನಾಗಿ ಹೇಳಿದಾಗ ಮಿದುಳಿನ ಹಲವು ಭಾಗಗಳು ಒಂದೇ ರೀತಿಯಲ್ಲಿ ಚುರುಕಾಗಿದ್ದವು. ರೋಗಿ ಉತ್ಪ್ರೇಕ್ಷೆ ಮಾಡುತ್ತಿಲ್ಲ, ಆಕೆಯ ಮಿದುಳು ನಿಜಕ್ಕೂ ಅಷ್ಟು ನೋವನ್ನು ಅನುಭವಿಸುತ್ತಿದೆ ಎಂಬುದು ಚಿತ್ರದಲ್ಲಿ ಕಂಡಿತು. ಇದಕ್ಕೂ ಮೊದಲೇ, ರೋಗಿಗಳ ಬೆನ್ನುಹುರಿಯ ದ್ರವದಲ್ಲಿ ನೋವಿನ ಸಂದೇಶ ಸಾಗಿಸುವ 'ಸಬ್‌ಸ್ಟೆನ್ಸ್ ಪಿ' ಎಂಬ ರಾಸಾಯನಿಕ ಹಲವು ಪಟ್ಟು ಹೆಚ್ಚಿರುವುದು ಗೊತ್ತಾಗಿತ್ತು.

ಈಗಿನ ತಿಳಿವಳಿಕೆ ಹೀಗಿದೆ. ಚರ್ಮ, ಸ್ನಾಯು, ಕರುಳಿನಿಂದ ಬರುವ ಸಂಕೇತಗಳನ್ನು ಬೆನ್ನುಹುರಿ ಮತ್ತು ಮಿದುಳು ಹಿಗ್ಗಿಸುತ್ತವೆ. ಮಿದುಳಿನಿಂದ ಕೆಳಗಿಳಿದು ಬಂದು ನೋವನ್ನು ತಗ್ಗಿಸಬೇಕಾದ ವ್ಯವಸ್ಥೆ ಸೊರಗಿರುತ್ತದೆ. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2017ರಲ್ಲಿ ಇಂಥ ನೋವಿಗೆ ಪ್ರತ್ಯೇಕ ವರ್ಗವನ್ನೇ ಮಾಡಿ 'ನೋಸಿಪ್ಲಾಸ್ಟಿಕ್' ಎಂದು ಕರೆಯಿತು. ಅಲ್ಲಿಗೆ ಎಲ್ಲ ಮುಗಿಯಲಿಲ್ಲ. 2013ರಿಂದೀಚೆಗೆ ಹಲವು ಅಧ್ಯಯನಗಳು ಒಂದು ಪಾಲು ರೋಗಿಗಳ ಚರ್ಮದಲ್ಲಿ ಸೂಕ್ಷ್ಮ ನರತಂತುಗಳು ಕಡಿಮೆ ಇರುವುದನ್ನು ತೋರಿಸಿವೆ. 2021ರಲ್ಲಿ ಬ್ರಿಟನ್ ಮತ್ತು ಸ್ವೀಡನ್ನಿನ ಸಂಶೋಧಕರು ರೋಗಿಗಳ ರಕ್ತದ ಪ್ರತಿಕಾಯಗಳನ್ನು (ಆಂಟಿಬಾಡಿ) ಇಲಿಗಳಿಗೆ ಕೊಟ್ಟಾಗ ಇಲಿಗಳಿಗೂ ಒತ್ತಡ, ಥಂಡಿ ಹೆಚ್ಚು ತಾಗತೊಡಗಿತು. ರೋಗನಿರೋಧಕ ವ್ಯವಸ್ಥೆಗೂ ಇದರಲ್ಲಿ ಪಾತ್ರ ಇರಬಹುದೆಂಬ ಸುಳಿವು ಅದು.

ಇಂದು ವೈದ್ಯರು ಬಳಸುವ ಅಳತೆ 2010ರಲ್ಲಿ ಬಂದು 2016ರಲ್ಲಿ ತಿದ್ದುಪಡಿಯಾದದ್ದು. ದೇಹದ 19 ಭಾಗಗಳಲ್ಲಿ ಕಳೆದ ಒಂದು ವಾರದಲ್ಲಿ ಎಲ್ಲೆಲ್ಲಿ ನೋವಿತ್ತು ಎಂದು ಕೇಳುತ್ತಾರೆ. ದಣಿವು, ಎದ್ದಾಗಿನ ಆಯಾಸ, ಮರೆವು ಎಷ್ಟಿದೆ ಎಂದು ಅಂಕ ಹಾಕುತ್ತಾರೆ. ಬೇರೆ ಕಾಯಿಲೆ ಇದ್ದರೂ ಇದು ಜೊತೆಗಿರಬಹುದು ಎಂದು ಒಪ್ಪಿಕೊಂಡಿದ್ದು ಇದರ ದೊಡ್ಡ ಲಾಭ. ಸಂಧಿವಾತ ಇರುವವರಲ್ಲೂ ಇದು ಸಾಕಷ್ಟು ಮಂದಿಗೆ ಇರುತ್ತದೆ. ಸಂಧಿವಾತ ಹತೋಟಿಗೆ ಬಂದರೂ ನೋವು ಕಡಿಮೆಯಾಗದಿದ್ದಾಗ ಆ ಔಷಧಿಯನ್ನೇ ಹೆಚ್ಚಿಸುತ್ತಾ ಹೋಗುವ ಮುನ್ನ ಇದನ್ನು ಯೋಚಿಸಬೇಕು.

ಹಾಗೆಂದು ಎಲ್ಲ ಮೈಕೈ ನೋವಿಗೂ ಈ ಹೆಸರು ಹಚ್ಚುವಂತಿಲ್ಲ. ನಮ್ಮಲ್ಲಿ ಇದು ವಿಶೇಷವಾಗಿ ಮುಖ್ಯ. ವಿಟಮಿನ್ ಡಿ ಕೊರತೆ, ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ಮಂದಗತಿ ಇವೆಲ್ಲ ನಮ್ಮ ನಡುವೆ ವ್ಯಾಪಕವಾಗಿವೆ, ಎಲ್ಲವೂ ಇದೇ ಬಗೆಯ ನೋವು, ಸುಸ್ತು ತರುತ್ತವೆ. ಕೊಲೆಸ್ಟರಾಲ್‌ಗೆ ಕೊಡುವ ಸ್ಟ್ಯಾಟಿನ್ ಮಾತ್ರೆಗಳಿಂದಲೂ ಸ್ನಾಯು ನೋಯಬಹುದು. 2006ರಲ್ಲಿ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಚಿಕೂನ್‌ಗುನ್ಯ ಪ್ರಕರಣಗಳು ವರದಿಯಾಗಿದ್ದವು. ಜ್ವರ ವಾರದಲ್ಲಿ ಬಿಟ್ಟರೂ ಕೀಲುನೋವು ತಿಂಗಳುಗಟ್ಟಲೆ ಕೆಲವರನ್ನು ಹಿಡಿದುಕೊಂಡದ್ದನ್ನು ಆಗ ಊರೂರಿನವರು ಕಂಡಿದ್ದಾರೆ. ಹಾಗಾಗಿ ಹಿಂದೆ ಚಿಕೂನ್‌ಗುನ್ಯ ಆಗಿದ್ದರೆ ವೈದ್ಯರಿಗೆ ತಪ್ಪದೆ ಹೇಳಬೇಕು. ಮೊದಲ ಹಂತಕ್ಕೆ ರಕ್ತಕಣಗಳ ಎಣಿಕೆ, ಉರಿಯೂತ ಸೂಚಿಸುವ ಇಎಸ್‌ಆರ್ ಮತ್ತು ಸಿಆರ್‌ಪಿ, ಥೈರಾಯ್ಡ್‌ನ ಟಿಎಸ್‌ಎಚ್, ವಿಟಮಿನ್ ಡಿಯಂಥ ಕೆಲವೇ ಪರೀಕ್ಷೆಗಳು ಸಾಕಾಗುತ್ತವೆ. ಕೀಲು ಊದಿಕೊಂಡಿದ್ದರೆ, ಜ್ವರವಿದ್ದರೆ, ತೂಕ ಇಳಿಯುತ್ತಿದ್ದರೆ, ಕೈಕಾಲಿನ ಬಲವೇ ಕುಗ್ಗಿದ್ದರೆ, ಮೂತ್ರ ಹಿಡಿತ ತಪ್ಪಿದ್ದರೆ ಅಥವಾ 50 ದಾಟಿದ ಮೇಲೆ ಹೊಸದಾಗಿ ಹೆಗಲು, ತೊಡೆ ಬಿಗಿದು ನೋಯುತ್ತಿದ್ದರೆ ಬೇರೆ ಕಾಯಿಲೆಯ ಶಂಕೆ ಇಟ್ಟುಕೊಂಡು ಬೇಗ ವೈದ್ಯರನ್ನು ಕಾಣಬೇಕು.

ಇವೆಲ್ಲ ನೋಡಿ ಆದ ಮೇಲೂ ಒಬ್ಬ ವೈದ್ಯರಿಂದ ಇನ್ನೊಬ್ಬರಿಗೆ, ಒಂದು ಸ್ಕ್ಯಾನ್‌ನಿಂದ ಇನ್ನೊಂದಕ್ಕೆ ಅಲೆಯುವವರೇ ಹೆಚ್ಚು. 'ನರ ದೌರ್ಬಲ್ಯ'ವೆಂದು ವಾರಕ್ಕೊಂದು ಬಿ12 ಚುಚ್ಚುಮದ್ದು, ಶಕ್ತಿಗೆಂದು ಗ್ಲೂಕೋಸ್ ಡ್ರಿಪ್, ಯಾರೋ ಹೇಳಿದ ಹೆಸರಿಲ್ಲದ ಪುಡಿ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಎಷ್ಟೋ ಬಾರಿ ಪತ್ತೆಯಾಗಿದೆ. ಮೂಳೆ ಸವೆದು, ರಕ್ತದ ಸಕ್ಕರೆ ಏರಿದ ಮೇಲೆ ಎಚ್ಚರಾದರೆ ಏನು ಪ್ರಯೋಜನ? ಸ್ಟೀರಾಯ್ಡ್ ಈ ಕಾಯಿಲೆಗೆ ಕೆಲಸ ಮಾಡುವುದೂ ಇಲ್ಲ. ದಿನಾ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳೂ ಅಷ್ಟೇ, ಏಕೆಂದರೆ ಅವು ತಗ್ಗಿಸಬೇಕಾದ ಉರಿಯೂತ ಇಲ್ಲಿ ಇಲ್ಲ.

ಸಹಾಯ ಮಾಡುವ ಔಷಧಿಗಳು ಬೇರೆ ಬಗೆಯವು. ರಾತ್ರಿ ಸಣ್ಣ ಪ್ರಮಾಣದಲ್ಲಿ ಅಮಿಟ್ರಿಪ್ಟಿಲಿನ್, ಇಲ್ಲವೇ ಡ್ಯುಲೊಕ್ಸೆಟಿನ್, ಪ್ರಿಗ್ಯಾಬಲಿನ್. ಪ್ರಿಗ್ಯಾಬಲಿನ್‌ಗೆ ಅಮೆರಿಕದಲ್ಲಿ ಈ ಕಾಯಿಲೆಗೆಂದೇ 2007ರಲ್ಲಿ ಮೊದಲ ಅನುಮತಿ ಸಿಕ್ಕಿತು. ಅಮಿಟ್ರಿಪ್ಟಿಲಿನ್, ಡ್ಯುಲೊಕ್ಸೆಟಿನ್ ಖಿನ್ನತೆಗೂ ಕೊಡುವ ಮಾತ್ರೆಗಳು. ಚೀಟಿಯಲ್ಲಿ ಅವನ್ನು ಕಂಡ ಕೂಡಲೇ "ನನಗೆ ತಲೆ ಕೆಟ್ಟಿದೆಯೇ" ಎಂದು ನೊಂದುಕೊಳ್ಳುವವರಿದ್ದಾರೆ. ನೋವು ತಗ್ಗಿಸುವ ನರಮಾರ್ಗಗಳು ಬಳಸುವ ರಾಸಾಯನಿಕಗಳ ಮೇಲೆಯೇ ಆ ಮಾತ್ರೆಗಳೂ ಕೆಲಸ ಮಾಡುವುದರಿಂದ ಅವನ್ನು ಕೊಡುತ್ತಾರೆ. ಎಲ್ಲರಿಗೂ ಗುಣ ಕಾಣುವುದಿಲ್ಲ. ತೂಕಡಿಕೆ, ತಲೆಸುತ್ತು ಬರಬಹುದು. ತಾನಾಗಿ ಶುರು ಮಾಡುವುದು, ಥಟ್ಟನೆ ನಿಲ್ಲಿಸುವುದು ಎರಡೂ ಕೂಡದು. ಇದರ ಜೊತೆಗೆ ನಿಜವಾಗಿಯೂ ಖಿನ್ನತೆ, ಆತಂಕ ಇದ್ದರೆ ಅದಕ್ಕೂ ಚಿಕಿತ್ಸೆ ಬೇಕು. ನಿಮ್ಹಾನ್ಸ್ ಸಮನ್ವಯದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು.

ಯುರೋಪಿನ ವಾತರೋಗ ತಜ್ಞರ ಒಕ್ಕೂಟ 2017ರ ಮಾರ್ಗಸೂಚಿಯಲ್ಲಿ ಬಲವಾಗಿ ಶಿಫಾರಸು ಮಾಡಿದ್ದು ಒಂದನ್ನೇ, ವ್ಯಾಯಾಮ. ನೋಯುವ ಮೈಗೆ ವ್ಯಾಯಾಮ ಮಾಡು ಎಂದರೆ ಸಿಟ್ಟು ಬರುವುದು ಸಹಜ. ಮೊದಲ ವಾರಗಳಲ್ಲಿ ನೋವು ಹೆಚ್ಚುವುದೂ ಉಂಟು. ಅದಕ್ಕೇ ಐದು ನಿಮಿಷದ ನಡಿಗೆಯಿಂದ ಶುರು ಮಾಡಿ, ಅದು ಹಗುರವೆನಿಸಿದ ಮೇಲೆ ಒಂದೆರಡು ನಿಮಿಷ ಸೇರಿಸುತ್ತಾ ಹೋಗಬೇಕು. 2010ರಲ್ಲಿ ಬಾಸ್ಟನ್ನಿನಲ್ಲಿ 66 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ತೈ ಚಿ ಎಂಬ ಚೀನಾದ ನಿಧಾನ ಚಲನೆಯ ವ್ಯಾಯಾಮವನ್ನು 12 ವಾರ ಅಭ್ಯಾಸ ಮಾಡಿದ್ದರಿಂದ ನೋವು, ನಿದ್ರೆ ಎರಡೂ ಸುಧಾರಿಸಿದ್ದವು. ಮೆಲುವಾದ ಯೋಗಾಭ್ಯಾಸಕ್ಕೂ ಒಳ್ಳೆಯ ಫಲಿತಾಂಶ ಸಿಕ್ಕಿದೆ. ಕಠಿಣ ಆಸನಗಳ ಹಟ ಬೇಡ.

ಬಹಳ ಮಂದಿ ಎಡವುವುದು ಒಳ್ಳೆಯ ದಿನಗಳಲ್ಲಿ. ನೋವು ತುಸು ಕಡಿಮೆ ಇದ್ದ ಭಾನುವಾರ ಮನೆಯೆಲ್ಲ ಧೂಳು ಹೊಡೆದು, ಹಾಸಿಗೆ ಬಟ್ಟೆಗಳನ್ನೆಲ್ಲ ಒಗೆದು, ಸಂಜೆ ನೆಂಟರಿಗೆ ಹೋಳಿಗೆ ಮಾಡಿ ಮುಂದಿನ ಮೂರು ದಿನ ಮಲಗಿಬಿಡುತ್ತಾರೆ. ಮನೆಯವರು "ಅಂದು ಚೆನ್ನಾಗಿಯೇ ಇದ್ದಳಲ್ಲ" ಎನ್ನುತ್ತಾರೆ. ಕೆಲಸವನ್ನು ದಿನಗಳಿಗೆ ಹಂಚಿ, ಚೆನ್ನಾಗಿರುವ ದಿನವೂ ಅರ್ಧಕ್ಕೆ ನಿಲ್ಲಿಸಿ, ನಡುನಡುವೆ ಕುಳಿತು ಮಾಡುವುದನ್ನು ರೂಢಿಸಿಕೊಳ್ಳಬೇಕು. ಹೆಂಗಸರು ಒಬ್ಬರೇ ಅಂದುಕೊಂಡರೆ ಆಗುವ ಮಾತಲ್ಲ ಇದು. ಹಿಂಡುವ, ರುಬ್ಬುವ, ಎತ್ತಿಡುವ ಕೆಲಸಗಳನ್ನು ಮನೆಯ ಗಂಡಸರು ಯಾರೂ ಕೇಳುವ ಮೊದಲೇ ವಹಿಸಿಕೊಳ್ಳಬೇಕು.

ಕಾನೂನು ಇನ್ನೂ ಇವರ ಹತ್ತಿರಕ್ಕೆ ಬಂದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಫೈಬ್ರೊಮಯಾಲ್ಜಿಯಾದ ಹೆಸರಿಲ್ಲ. ಕಚೇರಿಯಲ್ಲಿ ರಜೆ, ಕೆಲಸದ ವೇಳೆಯ ಬದಲಾವಣೆ, ಒರಗುವ ಕುರ್ಚಿ ಇತ್ಯಾದಿಗಳು ಮೇಲಧಿಕಾರಿಯ ಮನಸ್ಸಿಗೆ ಬಿಟ್ಟದ್ದು. ಆದ್ದರಿಂದ ರೋಗ ನಿರ್ಣಯವಾದ ದಿನವೇ ವೈದ್ಯರಿಂದ ಪತ್ರ ಬರೆಸಿಕೊಳ್ಳುವುದು ಒಳ್ಳೆಯದು. ಅದರಲ್ಲಿ 'ಮೈಕೈ ನೋವು' ಎಂದಷ್ಟೇ ಇದ್ದರೆ ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಎಂಬ ರೋಗಗಳ ಪಟ್ಟಿಯಲ್ಲಿ ಇದಕ್ಕೆ ಎಂ79.7 ಎಂಬ ಸಂಕೇತವಿದೆ. ಆ ಸಂಕೇತ, ರೋಗದ ಹೆಸರು, ಯಾವ ಕೆಲಸ ಎಷ್ಟು ಹೊತ್ತು ಮಾಡಬಹುದು ಎಂಬ ವಿವರ ಮೂರೂ ಇರಲಿ ಎಂದು ಕೇಳಿ.