ಹಳೆಯ ಕಾರಿನ ರೂಫ್ ಲೈನಿಂಗ್ ಮತ್ತು ಡೋರ್ ಪ್ಯಾಡ್: ಕರಾವಳಿಯ ತೇವದಲ್ಲಿ ಮನೆಯ ದುರಸ್ತಿ

ಉಡುಪಿ, ಮಂಗಳೂರಿನ ಕಡೆ ಹಳೆಯ ಕಾರಿನ ರೂಫ್ ಲೈನಿಂಗ್, ಅಂದರೆ ಚಾವಣಿಯ ಒಳಹೊದಿಕೆ, ಜೋತುಬಿದ್ದರೆ ಅಥವಾ ಬಾಗಿಲಿನ ಒಳಹೊದಿಕೆಯಾದ ಡೋರ್ ಪ್ಯಾಡಿನ ಕೆಳಗಿನ ಅಂಚು ಉಬ್ಬಿದರೆ ಅದನ್ನು ಗಾಡಿಯ ವಯಸ್ಸಿನ ಲೆಕ್ಕಕ್ಕೆ ಸೇರಿಸುವುದು ವಾಡಿಕೆ. ಆದರೆ ಈ ಎರಡರ ಹಿಂದೆಯೂ ಮುಖ್ಯವಾಗಿ ಇರುವುದು ತೇವ. ಅದರ ದಾರಿಯನ್ನು ತಡೆಯದೆ ಹೊಸ ಬಟ್ಟೆ ಅಂಟಿಸಿದರೆ ಅದೇ ಕೆಲಸ ಬೇಗನೆ ಮತ್ತೆ ಮೈಮೇಲೆ ಬರುತ್ತದೆ.

ರೂಫ್ ಲೈನಿಂಗಿನ ಬಟ್ಟೆಯ ಬೆನ್ನಿಗೆ ಪಾಲಿಯುರೆಥೇನ್ ಫೋಮಿನ ತೆಳುವಾದ ಪದರವಿದ್ದು, ಆ ಫೋಮನ್ನು ಒಳಗಿನ ಹಲಗೆಗೆ ಅಂಟಿಸಿರುತ್ತಾರೆ. ಬಿಸಿಲಿನಲ್ಲಿ ನಿಂತ ಕಾರಿನ ಶಾಖ ಮತ್ತು ಗಾಳಿಯ ನೀರಾವಿ ಸೇರಿದಾಗ ಫೋಮಿನ ರಾಸಾಯನಿಕ ಬಂಧಗಳು ನಿಧಾನವಾಗಿ ಒಡೆದು, ಅದು ಮುಟ್ಟಿದರೆ ಉದುರುವ ಪುಡಿಯಾಗುತ್ತದೆ. ಅಂದರೆ ಹಲವು ಬಾರಿ ಸೋತಿರುವುದು ಅಂಟಲ್ಲ, ಫೋಮೇ. ಜೋತುಬಿದ್ದ ಬಟ್ಟೆಗೆ ಗುಂಡುಪಿನ್ನು ಚುಚ್ಚುವುದೂ ಸಿರಿಂಜಿನಿಂದ ಅಂಟು ತುಂಬಿಸುವುದೂ ಈ ಕಾರಣದಿಂದಲೇ ಬಹುಕಾಲ ನಿಲ್ಲುವುದಿಲ್ಲ.

ದುರಸ್ತಿಗೆ ಹಲಗೆಯನ್ನು ಹೊರಗೆ ತೆಗೆಯಲೇಬೇಕು. ಮೊದಲು ಬ್ಯಾಟರಿಯ ನೆಗೆಟಿವ್ ತುದಿಯನ್ನು ಬಿಡಿಸಿ, ಬಳಿಕ ಸನ್ ವೈಸರ್, ಕೈಹಿಡಿ, ಒಳದೀಪ ಮತ್ತು ಚಾವಣಿಯನ್ನು ಹೊತ್ತಿರುವ ಕಂಬಗಳ ಹೊದಿಕೆಗಳನ್ನು ಕಳಚಬೇಕು. ಕಿಟಕಿಯ ಮೇಲ್ಭಾಗದಲ್ಲಿ ಏರ್‌ಬ್ಯಾಗ್ ಇರುವ ಕಾರಾದರೆ ಆ ಭಾಗವನ್ನು ಬಲ್ಲವರಿಗೇ ಬಿಡುವುದು ಒಳ್ಳೆಯದು. ಬಟ್ಟೆ ಸುಲಿದ ಮೇಲೆ ಹಲಗೆಗೆ ಅಂಟಿಕೊಂಡಿರುವ ಪುಡಿಯನ್ನು ಒಣ ನೈಲಾನ್ ಬ್ರಷ್‌ನಿಂದ ಪೂರ್ತಿಯಾಗಿ ಉಜ್ಜಿ ತೆಗೆಯಬೇಕು. ಮೂಗಿಗೆ ಮಾಸ್ಕ್ ಇರಲಿ, ನೀರು ಬೇಡ, ಏಕೆಂದರೆ ನಾರಿನ ಹಲಗೆ ನೀರು ಕುಡಿದರೆ ಆಕಾರ ಕೆಡುತ್ತದೆ. ಬೇಸರ ತರಿಸುವ ಈ ಹಂತವೇ ಇಡೀ ಕೆಲಸದ ಆಯುಸ್ಸನ್ನು ನಿರ್ಧರಿಸುತ್ತದೆ. ಪುಡಿಯ ಮೇಲೆ ಹಚ್ಚಿದ ಅಂಟು ಪುಡಿಯನ್ನಷ್ಟೇ ಹಿಡಿದುಕೊಳ್ಳುತ್ತದೆ.

ಕುಶನ್ ಸಾಮಾನಿನ ಅಂಗಡಿಗಳಲ್ಲಿ ಫೋಮ್ ಸಹಿತವಾದ ಲೈನಿಂಗ್ ಬಟ್ಟೆ ದೊರೆಯುತ್ತದೆ. ಸುತ್ತಲೂ ಎರಡು ಇಂಚು ಹೆಚ್ಚು ಬಿಟ್ಟು ಕತ್ತರಿಸಬೇಕು. ಮರಗೆಲಸದ ಬಿಳಿ ಅಂಟಿನ ಬದಲು, ಹೆಚ್ಚಿನ ಶಾಖವನ್ನು ತಡೆಯುವುದೆಂದು ಡಬ್ಬಿಯ ಮೇಲೆ ನಮೂದಿಸಿರುವ ರಬ್ಬರ್ ಅಂಟನ್ನು ಆರಿಸಬೇಕು. ಅದನ್ನು ಹಲಗೆ ಮತ್ತು ಬಟ್ಟೆ ಎರಡಕ್ಕೂ ತೆಳುವಾಗಿ ಸವರಿ, ಬೆರಳಿಗೆ ಹತ್ತದಷ್ಟು ಒಣಗಿದ ಬಳಿಕ, ಬಟ್ಟೆಯ ಅರ್ಧವನ್ನು ಮಡಚಿಟ್ಟು ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಒತ್ತುತ್ತಾ ಹೋಗಬೇಕು. ಈ ಅಂಟಿನ ಆವಿ ಸುಲಭವಾಗಿ ಬೆಂಕಿ ಹಿಡಿಯುವುದರಿಂದ ತೆರೆದ ಜಗಲಿಯಲ್ಲಿ, ಒಲೆ ಮತ್ತು ಕಿಡಿಯಿಂದ ದೂರದಲ್ಲಿ ಕೆಲಸ ಮಾಡಬೇಕು.

ಇಲ್ಲಿ ಋತುವಿನ ಆಯ್ಕೆಯೂ ಕೆಲಸದ ಭಾಗವೇ. ಅಂಟಿನ ದ್ರಾವಕ ಆವಿಯಾಗುವಾಗ ಅದರ ಮೇಲ್ಮೈ ತಂಪಾಗುತ್ತದೆ. ಆಟಿಯ, ಅಂದರೆ ತುಳುನಾಡಿನ ಜೋರು ಮಳೆಯ ತಿಂಗಳ, ಗಾಳಿಯಲ್ಲಿರುವ ನೀರಾವಿ ಆ ತಂಪಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಹನಿಗಟ್ಟಿ ಬಂಧವನ್ನು ದುರ್ಬಲಗೊಳಿಸುತ್ತದೆ. ಆದ್ದರಿಂದ ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳಲ್ಲಿ, ಅದೂ ಮಂಜು ಆರಿದ ಮೇಲೆ, ಅಂಟಿನ ಕೆಲಸಕ್ಕೆ ಕೈಹಾಕುವುದು ಸರಿ.

ಡೋರ್ ಪ್ಯಾಡಿನ ಕಥೆ ಬೇರೆ. ಕಿಟಕಿಯ ಗಾಜಿನ ಮೇಲಿಂದ ಇಳಿಯುವ ಮಳೆನೀರು ಬಾಗಿಲಿನ ಒಳಕ್ಕೆ ಹೋಗಿ, ತಳದ ರಂಧ್ರಗಳಿಂದ ಹೊರಬರುವಂತೆಯೇ ಬಾಗಿಲನ್ನು ರೂಪಿಸಿರುತ್ತಾರೆ. ಅದು ಪ್ಯಾಡನ್ನು ತಲುಪದಂತೆ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಸ್ಪೀಕರ್ ಕೂರಿಸುವಾಗ ಈ ಹಾಳೆಯನ್ನು ಹರಿದು ಹಾಗೆಯೇ ಬಿಟ್ಟಿರುವ ಕಾರುಗಳು ನಮ್ಮಲ್ಲಿ ಕಡಿಮೆಯೇನಲ್ಲ. ರಂಧ್ರಗಳಲ್ಲಿ ಕೆಸರು ಕಟ್ಟಿಕೊಂಡರಂತೂ ನೀರು ಒಳಗೇ ನಿಂತು ತುಕ್ಕನ್ನೂ ತರುತ್ತದೆ.

1983ರಿಂದ 2014ರವರೆಗೆ ತಯಾರಾದ ಮಾರುತಿ 800ರಂತಹ ಕಾರಿನಲ್ಲಿ ಗಾಜು ತಿರುಗಿಸುವ ಹಿಡಿಯ ಹಿಂದೆ ಬಟ್ಟೆಯ ಪಟ್ಟಿಯೊಂದನ್ನು ತೂರಿಸಿ ಆಚೀಚೆ ಎಳೆದರೆ ಅಲ್ಲಿರುವ ಲಾಳಾಕಾರದ ಕ್ಲಿಪ್ ಹೊರಬರುತ್ತದೆ. ಅದು ಹಾರಿಹೋಗದಂತೆ ಕೈ ಅಡ್ಡವಿಡಬೇಕು. ಪ್ಯಾಡನ್ನು ಸ್ಕ್ರೂಡ್ರೈವರ್‌ನಿಂದ ಮೀಟದೆ ಪ್ಲಾಸ್ಟಿಕ್ ಪಟ್ಟಿಯಿಂದ, ಪ್ರತಿ ಕ್ಲಿಪ್ಪಿನ ಹತ್ತಿರವೇ ಎಬ್ಬಿಸಬೇಕು. ಹಳೆಯ ನೈಲಾನ್ ಕ್ಲಿಪ್ಪುಗಳು ಮುರಿಯುವುದು ಖಚಿತವೆಂದೇ ಎಣಿಸಿ ಹೊಸವನ್ನು ಮೊದಲೇ ತಂದಿಟ್ಟುಕೊಳ್ಳಬೇಕು. ಪ್ಯಾಡಿನ ಒಳಗಿನ ಹಲಗೆಯಾದ ಹಾರ್ಡ್‌ಬೋರ್ಡ್ ಉಬ್ಬಿ ಪದರ ಬಿಟ್ಟಿದ್ದರೆ ಅದನ್ನು ಮತ್ತೆ ಒತ್ತಿ ಸರಿಪಡಿಸಲಾಗದು. ಹಳೆಯದನ್ನೇ ಅಚ್ಚಾಗಿ ಇಟ್ಟು ಅಷ್ಟೇ ದಪ್ಪದ ಹೊಸ ಹಲಗೆಯನ್ನು ಕತ್ತರಿಸಿ, ಅಂಚುಗಳಿಗೂ ರಂಧ್ರಗಳಿಗೂ ಎರಡು ಕೈ ಆಯಿಲ್ ಪೇಂಟ್ ಬಳಿದು, ರೆಕ್ಸಿನ್ ಹೊದಿಸಬೇಕು. ಮರುಜೋಡಣೆಗೆ ಮೊದಲು ತಳದ ರಂಧ್ರಗಳನ್ನು ಬಿಡಿಸಿ, ದಪ್ಪ ಪಾಲಿಥೀನ್ ಹಾಳೆಯನ್ನು ಬ್ಯೂಟೈಲ್ ಎಂಬ ಮೆತ್ತನೆಯ ರಬ್ಬರ್ ಟೇಪಿನಿಂದ ಸುತ್ತಲೂ ಅಂಟಿಸಿ, ಅದರ ಕೆಳಅಂಚನ್ನು ಬಾಗಿಲಿನ ಒಳಕ್ಕೆ ತೂರಿಸಿ, ಗಾಜಿನ ಮೇಲೆ ಒಂದು ಚೆಂಬು ನೀರು ಸುರಿದು, ಅದು ತಳದಿಂದಲೇ ಇಳಿಯುವುದನ್ನು ನೋಡಿಕೊಂಡ ನಂತರವಷ್ಟೇ ಪ್ಯಾಡನ್ನು ಒತ್ತಿ ಕೂರಿಸಬೇಕು.